ತೊಟ್ಟಿಮನೆಯನ್ನು ಕೆಡವುವ ಮುನ್ನ ಒಂದು ಮಾತು



ಕಳೆದ ತಿಂಗಳು ನಮ್ಮ ಬಂಧುಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಚಿತ್ರ ಬಂದಿತು. ಕಟ್ಟೆಮಳಲವಾಡಿಯ ನಮ್ಮ ಹಿರಿಯರ ಮನೆಯ ಪಡಸಾಲೆಯ ಚಿತ್ರವದು. ತಾತನವರು ಒರಗಿ ಕೂರುತ್ತಿದ್ದ ಕಂಬದ ಮೇಲೆ ಯಾರೋ ಸೀಮೆಸುಣ್ಣದಿಂದ ‘4’ ಎಂದು ಬರೆದಿದ್ದರು. ಪಕ್ಕದ ಕಂಬಕ್ಕೆ ‘5’. ಮೇಲಿನ ಬೋದಿಗೆಗೂ, ತೊಲೆಗೂ, ಮುಂಬಾಗಿಲಿನ ಚೌಕಟ್ಟಿಗೂ ಅಂಕಿಗಳಿದ್ದವು. ಹಳೆಯ ಮರಮುಟ್ಟುಗಳನ್ನು ಕೊಳ್ಳುವವರು ಬಂದು ನೋಡಿ ಹೋಗಿದ್ದಾರೆಂದೂ, ಬೆಲೆ ಪರವಾಗಿಲ್ಲವೆಂದೂ, ಎಲ್ಲರೂ ಒಪ್ಪಿದರೆ ದೀಪಾವಳಿಯ ಹೊತ್ತಿಗೆ ಕೆಲಸ ಮುಗಿಸಬಹುದೆಂದೂ ದೊಡ್ಡಪ್ಪನವರ ಹಿರಿಯ ಮಗ ಬರೆದಿದ್ದ. ಕೊನೆಯಲ್ಲಿ, “ಹಿರಿಯರು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ” ಎಂಬ ಸಾಲೂ ಇತ್ತು.

ಮೂವತ್ತು ವರ್ಷಗಳಿಗೂ ಮೀರಿ ಸೀಮೆಸುಣ್ಣ ಹಿಡಿದ ಕೈ ನನ್ನದು. ಆ ಬಿಳಿಯ ಅಂಕಿಗಳನ್ನು ಕಂಡು ಮನಸ್ಸಿಗೆ ಆದದ್ದನ್ನು ಗುಂಪಿನಲ್ಲಿ ಎರಡು ಸಾಲಿನಲ್ಲಿ ಹೇಳಲಾಗಲಿಲ್ಲ. ಆ ಮನೆಯಲ್ಲಿ ನನಗೆ ಕಾನೂನಿನ ಪ್ರಕಾರ ಅಂಗೈಯಗಲದ ಪಾಲೂ ಇಲ್ಲ. ಏಕಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ಆದರೂ ಅಭಿಪ್ರಾಯ ಕೇಳಿದ್ದಾರಲ್ಲ, ಆದ್ದರಿಂದ ಈ ಬರಹ.

ನಮ್ಮೂರನ್ನು ನೋಡದವರಿಗಾಗಿ ಮೊದಲು ಎರಡು ಮಾತು. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಹೆಸರಿನಲ್ಲಿಯೇ ಕಟ್ಟೆಯಿದೆ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪಿನಲ್ಲಿ ಧುಮುಕಿ, ಹುಣಸೂರನ್ನು ದಾಟಿ ಬರುವ ಲಕ್ಷ್ಮಣತೀರ್ಥ ನದಿಗೆ ನಮ್ಮೂರಿನ ಬಳಿ ಹಿಂದಿನವರು ಕಲ್ಲಿನ ಅಡ್ಡಕಟ್ಟೆ ಹಾಕಿ ನಾಲೆ ತೆಗೆದರು. ಅಲ್ಲಿಂದ ಮುಂದೆ ಹರಿದು ಆ ನೀರು ಸಾಗರಕಟ್ಟೆಯ ಬಳಿ ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತದೆ. ಕಟ್ಟೆಯ ಮೇಲಿಂದ ನೀರು ಹಾಲಿನಂತೆ ಜಾರುವುದನ್ನು ಬಾಲ್ಯದಲ್ಲಿ ನಾವು ದಿನವೂ ನೋಡಿದೆವು. ದಿನವೂ ನೋಡುವುದನ್ನು ಯಾರೂ ‘ಪ್ರೇಕ್ಷಣೀಯ ಸ್ಥಳ’ ಎನ್ನುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಇನ್ನು ಮನೆ. ಹೊರಗಿನಿಂದ ನೋಡಿದರೆ ನಾಡಹೆಂಚಿನ ತಗ್ಗು ಮಾಡು, ದಪ್ಪ ಮಣ್ಣಿನ ಗೋಡೆ, ಉದ್ದದ ಜಗಲಿ, ಅಷ್ಟೇ. ತಲೆ ಬಗ್ಗಿಸಿ ಹೊಸ್ತಿಲು ದಾಟಿದರೆ ಮಾತ್ರ ಅದರ ಬುದ್ಧಿವಂತಿಕೆ ತಿಳಿಯುತ್ತದೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಸುತ್ತಲೂ ಕಂಬಗಳ ಮೇಲೆ ನಿಂತ ಪಡಸಾಲೆ, ಅದರ ಹಿಂದೆ ಕೋಣೆಗಳು. ನಾಲ್ಕೂ ಮಾಡುಗಳು ಒಳಮುಖವಾಗಿ ಇಳಿಯುವುದರಿಂದ ಮಳೆಯ ನೀರೆಲ್ಲ ತೊಟ್ಟಿಗೇ ಬೀಳುತ್ತಿತ್ತು. ಹಂಡೆ, ಕೊಪ್ಪರಿಗೆಗಳು ತುಂಬಿದ ಮೇಲೆ ಉಳಿದದ್ದು ಕಲ್ಲಿನ ಚರಂಡಿಯಲ್ಲಿ ಹರಿದು ಹಿತ್ತಿಲಿನ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಬೇಸಗೆಯಲ್ಲಿ ಬಿಸಿಗಾಳಿ ತೊಟ್ಟಿಯ ಮೂಲಕ ಮೇಲಕ್ಕೇರಿದರೆ, ಜಗಲಿಯ ಬಾಗಿಲಿನಿಂದಲೂ ಹಿತ್ತಿಲ ಬಾಗಿಲಿನಿಂದಲೂ ತಂಪುಗಾಳಿ ಒಳಗೆ ಬರುತ್ತಿತ್ತು. ಗೋಡೆಯ ಮಣ್ಣು ಹಗಲಿನ ಬಿಸಿಲನ್ನು ಒಳಗೆ ಬಿಡಲು ಇಡೀ ದಿನ ತೆಗೆದುಕೊಳ್ಳುತ್ತಿತ್ತು. ಈಗ ಮೈಸೂರಿನ ನನ್ನ ಆರ್‌ಸಿಸಿ ಮನೆಯಲ್ಲಿ ಏಪ್ರಿಲ್ ತಿಂಗಳ ರಾತ್ರಿ ಫ್ಯಾನಿನ ಕೆಳಗೆ ಬೆವರುವಾಗಲೆಲ್ಲ, ಇದನ್ನೆಲ್ಲ ಯಾವ ಎಂಜಿನಿಯರಿಂಗ್ ಕಾಲೇಜಿಗೂ ಹೋಗದವರು ಕಟ್ಟಿದ್ದರಲ್ಲ ಎಂದು ನೆನೆಯುತ್ತೇನೆ.

ಮನೆಯ ಹಿಂಬದಿಯಲ್ಲಿ ಹಗೇವು ಇತ್ತು. ನನ್ನ ವಿದ್ಯಾರ್ಥಿಗಳಲ್ಲಿ ಕಿರಿಯರಿಗೆ ಈ ಪದವೇ ಅಪರಿಚಿತವಾಗಿರಬಹುದು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಒಳಗೆ ಹೂಜಿಯಂತೆ ಅಗಲವಾಗಿ ತೋಡಿದ ಧಾನ್ಯದ ಗುಂಡಿ ಅದು. ಒಳಗೋಡೆಗೆ ಹುಲ್ಲು ಹೊದಿಸಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಹಿಡಿಯುತ್ತಿರಲಿಲ್ಲ. ಬರಗಾಲಕ್ಕೆ ಅದೇ ಬ್ಯಾಂಕು. ಆದರೆ ಬಾಯಿ ತೆರೆದ ಕೂಡಲೇ ಒಳಗೆ ಇಳಿಯುವಂತಿರಲಿಲ್ಲ. ಕಾಳು ಉಸಿರಾಡಿ ಬಿಟ್ಟ ಇಂಗಾಲಾಮ್ಲ ತಳದಲ್ಲಿ ನಿಂತಿರುತ್ತಿತ್ತು. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ದೀಪವೊಂದನ್ನು ಹಗ್ಗದಲ್ಲಿ ಇಳಿಬಿಡುವುದು ಪದ್ಧತಿ. ದೀಪ ಆರಿದರೆ ಕಾಯಬೇಕು, ಉರಿದರೆ ಇಳಿಯಬೇಕು. ಇಳಿಯುವವರು ಯಾರು ಎಂಬ ಪ್ರಶ್ನೆ ಆಗ ನನ್ನ ಮನಸ್ಸಿಗೆ ಬರಲೇ ಇಲ್ಲ. ಅದಕ್ಕೂ ಮುಂದೆ ಬರುತ್ತೇನೆ.

ಹಿತ್ತಿಲು ನಮ್ಮ ಉದ್ಯಾನ. ಉದ್ಯಾನವೆಂದರೆ 1930ರ ದಶಕದಿಂದ ನಮ್ಮ ಸೀಮೆಯವರಿಗೆ ಬೃಂದಾವನವೇ ಕಣ್ಣಮುಂದೆ ಬರುತ್ತದೆ. ಸರ್ ಮಿರ್ಜಾ ಇಸ್ಮಾಯಿಲರು ಕನ್ನಂಬಾಡಿಯ ಕೆಳಗೆ ಮಾಡಿಸಿದ ಕಾರಂಜಿಗಳ ಸೊಬಗು ಸುಳ್ಳಲ್ಲ. ಆದರೆ ಪಾತ್ರೆ ತೊಳೆದ ನೀರಿಗೆ ಬಸಳೆ, ಬಚ್ಚಲು ನೀರಿಗೆ ಕೆಸುವು ಮತ್ತು ಬಾಳೆ, ಬಾವಿಯ ಕಟ್ಟೆಯ ಪಕ್ಕ ದೊಡ್ಡಪತ್ರೆ, ಬೇಲಿಗೆ ದಾಸವಾಳ, ಮೂಲೆಗೆ ನುಗ್ಗೆ, ಕರಿಬೇವು, ಮುಡಿಯುವುದಕ್ಕೆ ಕನಕಾಂಬರ ಮತ್ತು ಮಲ್ಲಿಗೆ ಎಂದು ಒಂದು ಹನಿಯೂ ವ್ಯರ್ಥವಾಗದಂತೆ ಬೆಳೆಸಿದ ನಮ್ಮ ಅಜ್ಜಿಯ ಹಿತ್ತಿಲೂ ಯಾವ ಉದ್ಯಾನಕ್ಕೂ ಕಡಿಮೆಯದಲ್ಲ. ಹಿತ್ತಿಲ ಆಚೆಗೆ ಗದ್ದೆ, ಗದ್ದೆಯಾಚೆಗೆ ನಾಲೆ, ನಾಲೆಯ ತಲೆಯಲ್ಲಿ ಕಟ್ಟೆ. ಊರ ಹೊರಗೆ ದಾರಿಹೋಕರ ಎತ್ತು ಬಿಚ್ಚಲು ಗುಂಡುತೋಪು. ಇವೆಲ್ಲ ಬೇರೆ ಬೇರೆಯಲ್ಲ, ಒಂದೇ ಸರಪಳಿ. ಕಂಬವೊಂದನ್ನು ಕಿತ್ತು ಲಾರಿಗೆ ಹಾಕಿದರೆ ಕಂಬ ಹೋಗುತ್ತದೆ. ಈ ಸರಪಳಿ ಲಾರಿಯಲ್ಲಿ ಹೋಗುವುದಿಲ್ಲ.

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಭಾನುವಾರ ಬೆಳಿಗ್ಗೆ ನಿಂತು ನೋಡಿ. ಬೆಂಗಳೂರಿನ ಕಾರುಗಳ ಸಾಲು ಬಿಳಿಕೆರೆ, ಹುಣಸೂರುಗಳನ್ನು ಹಾರಿಸಿಕೊಂಡು ಬೈಲುಕುಪ್ಪೆಯ ಚಿನ್ನದ ದೇಗುಲದ ಮುಂದೆ ನಿಲ್ಲುತ್ತದೆ, ಅಲ್ಲಿಂದ ಕೊಡಗಿಗೆ. ಇನ್ನೊಂದು ಸಾಲು ಹೆಗ್ಗಡದೇವನಕೋಟೆಯ ಕಡೆ ತಿರುಗಿ ಕಬಿನಿ ಹಿನ್ನೀರಿನ ವಿಹಾರಧಾಮಗಳಿಗೆ ಹೋಗುತ್ತದೆ. ಹೋಗಲಿ, ಬೇಡವೆನ್ನುವುದಿಲ್ಲ. ಟಿಬೆಟ್ಟಿನಿಂದ ನಿರಾಶ್ರಿತರಾಗಿ ಬಂದವರು 1960ರ ದಶಕದಲ್ಲಿ ಕಾಡು ಕಡಿದು ಕಟ್ಟಿಕೊಂಡ ಊರನ್ನು ನೋಡಲು ಲಕ್ಷಾಂತರ ಜನ ಬರುತ್ತಿರುವಾಗ, ಶತಮಾನಗಳಿಂದ ಇದ್ದ ನಮ್ಮ ಊರುಗಳಲ್ಲಿ ತೋರಿಸಲು ಏನೂ ಇಲ್ಲವೆಂದು ನಾವೇ ನಂಬಿರುವುದು ನನ್ನ ವ್ಯಥೆ. ಚುಂಚನಕಟ್ಟೆಯ ಜಲಪಾತ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ, ಇವುಗಳಿಗಾದರೂ ಜಾತ್ರೆಯ ನೆಪದಲ್ಲಿ ಜನ ಹೋಗುತ್ತಾರೆ. ಹಳೆಯ ಮನೆಗೆ ಯಾವ ಜಾತ್ರೆಯಿದೆ?

ಈ ಪ್ರಶ್ನೆ ನನ್ನನ್ನು ಗಾಢವಾಗಿ ಕಾಡಿದ್ದು ಪರದೇಶದಲ್ಲಿ. 2022ರಲ್ಲಿ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದಾಗ ಅವಳು ಒಂದು ದಿನ ಸಸೆಕ್ಸ್ ಪ್ರಾಂತದ ‘ಸೌತ್ ಡೌನ್ಸ್’ ಎಂಬ ಗುಡ್ಡಗಳ ಕಡೆ ಕರೆದೊಯ್ದಳು. ಹಸಿರು ಹುಲ್ಲಿನ ನುಣುಪಾದ ಗುಡ್ಡಗಳು. ಕಾಲುದಾರಿ ಸವೆದಲ್ಲೆಲ್ಲ ಒಳಗಿನ ಬಿಳುಪು ಕಾಣುತ್ತದೆ. ಏನಿದು ಎಂದು ಕೇಳಿದೆ. “ಸೀಮೆಸುಣ್ಣ ಅಮ್ಮ, ಇಡೀ ಬೆಟ್ಟವೇ ಸೀಮೆಸುಣ್ಣ” ಎಂದಳು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳು ಪದರಪದರವಾಗಿ ಕುಳಿತು ಆದ ಬೆಟ್ಟಗಳಿವು ಎಂದು ತರಗತಿಯಲ್ಲಿ ಎಷ್ಟು ಬಾರಿ ಪಾಠ ಹೇಳಿದ್ದೆನೋ! ನಾವು ಶಾಲೆಯಲ್ಲಿ ಬಳಸುವ ಕಡ್ಡಿಗಳು ಈಗ ಹೆಚ್ಚಾಗಿ ಜಿಪ್ಸಮ್ಮಿನವು, ನಿಜ. ಆದರೂ ಒಂದು ಚೂರನ್ನು ಎತ್ತಿ ಅಲ್ಲೇ ಬಂಡೆಯ ಮೇಲೆ ‘ಅ’ ಎಂದು ಬರೆದೆ. ಮಗಳು ನಕ್ಕಳು.

ಆ ಗುಡ್ಡಗಳ ನಡುವೆ ಆಲ್‌ಫ್ರಿಸ್ಟನ್ ಎಂಬ ಹಳ್ಳಿ. ಅಲ್ಲಿ ಚರ್ಚಿನ ಪಕ್ಕದಲ್ಲಿ ಹದಿನಾಲ್ಕನೆಯ ಶತಮಾನದ ಒಂದು ಹುಲ್ಲಿನ ಮನೆ. ಅರಮನೆಯಲ್ಲ, ಕೋಟೆಯಲ್ಲ. ಮರದ ಚೌಕಟ್ಟು, ಜೇಡಿಮಣ್ಣು ಮೆತ್ತಿದ ಗೋಡೆ, ಸುತ್ತ ಒಂದು ಸಣ್ಣ ತೋಟ. ಬೀಳುವ ಸ್ಥಿತಿಯಲ್ಲಿದ್ದ ಇದನ್ನು ಕೆಡವಲು ಒಮ್ಮೆ ಒಪ್ಪಿಗೆಯೂ ದೊರೆತಿತ್ತಂತೆ. ಆ ಊರಿನ ಪಾದ್ರಿಯೊಬ್ಬರು ಬಿಡಲಿಲ್ಲ. 1895ರಲ್ಲಿ ಆಗತಾನೆ ಹುಟ್ಟಿದ್ದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 1896ರಲ್ಲಿ ಇದನ್ನು ಕೊಂಡಿತು. ಆ ಸಂಸ್ಥೆ ಕೊಂಡ ಮೊಟ್ಟಮೊದಲ ಕಟ್ಟಡವೇ ಇದು. ಬೆಲೆ ಎಷ್ಟು ಗೊತ್ತೆ? 10 ಪೌಂಡು! ದುರಸ್ತಿಗೆ ಅದರ ಎಷ್ಟೋ ಪಟ್ಟು ಹಣ ಬೇಕಾಯಿತು. ಜನರಿಂದ ಬೇಡಿ ತಂದರು.

ಒಳಗೆ ಹೋದಾಗ ನೆಲ ನೋಡಿ ಬೆರಗಾದೆ. ಅದೇ ಬೆಟ್ಟದ ಸೀಮೆಸುಣ್ಣವನ್ನು ಕುಟ್ಟಿ ಹಾಸಿ, ಹುಳಿಹಾಲು ಸುರಿದು ಗಟ್ಟಿಮಾಡಿದ ನೆಲ! ನಮ್ಮ ಅಜ್ಜಿ ಪ್ರತಿ ಶುಕ್ರವಾರ ಸಗಣಿ ಸಾರಿಸುತ್ತಿದ್ದ ನೆಲ ನೆನಪಿಗೆ ಬಂತು. ಅವರವರ ಊರಿನ ಮಣ್ಣು, ಅವರವರ ಹಟ್ಟಿಯ ವಸ್ತು. ನಮ್ಮ ಮನೆಯನ್ನು ನಾವು ‘ಹಳೇ ಕೊಂಪೆ’ ಎನ್ನುತ್ತೇವೆ. ಅವರು ಟಿಕೆಟ್ಟು ಇಟ್ಟು, ವಯಸ್ಸಾದ ಸ್ವಯಂಸೇವಕಿಯೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿ, ಬಂದವರಿಗೆ ಕಥೆ ಹೇಳಿಸುತ್ತಾರೆ. ಆಕೆಯೂ ನನ್ನಂತೆ ನಿವೃತ್ತ ಶಿಕ್ಷಕಿ. ನನ್ನ ಹರಕು ಇಂಗ್ಲಿಷಿನಲ್ಲಿ ಸಗಣಿಯ ನೆಲದ ಬಗ್ಗೆ ಹೇಳಿದೆ. ಆಕೆ ತನ್ನ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು.

ಇಂಗ್ಲೆಂಡಿನವರೆಲ್ಲ ಜಾಣರು, ನಾವೆಲ್ಲ ದಡ್ಡರು ಎನ್ನುವ ರಾಗವನ್ನು ನಾನು ಹಾಡುತ್ತಿಲ್ಲ. ತೆರಿಗೆಯ ಭಾರಕ್ಕೂ ಆಳುಕಾಳುಗಳ ಅಭಾವಕ್ಕೂ ಅಲ್ಲಿಯೂ ಇಪ್ಪತ್ತನೆಯ ಶತಮಾನದಲ್ಲಿ ನೂರಾರು ದೊಡ್ಡ ಮನೆಗಳು ನೆಲಸಮವಾದವು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಹಾಗೆ ನಾಶವಾದ ಮನೆಗಳ ಬಗ್ಗೆಯೇ ಪ್ರದರ್ಶನವೊಂದನ್ನು ಏರ್ಪಡಿಸಿದ ಮೇಲೆ ಅಲ್ಲಿನ ಜನ ಬೆಚ್ಚಿದರು. ಬುದ್ಧಿ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ಕಳೆದುಕೊಂಡ ಮೇಲೆ ಬರುತ್ತದೆ. ನಾವು ಪೂರ್ತಿ ಕಳೆದುಕೊಳ್ಳುವುದಕ್ಕೆ ಮೊದಲೇ ಬಂದರೆ ಒಳ್ಳೆಯದು ಎಂದಷ್ಟೇ ನನ್ನ ಆಶಯ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಇನ್ನೊಂದು ‘ಆ ಕಾಲ ಚೆನ್ನಾಗಿತ್ತು’ ಎಂಬ ಬರಹವಾಗುತ್ತಿತ್ತು. ಆದರೆ ಆ ಕಾಲ ಎಲ್ಲರಿಗೂ ಚೆನ್ನಾಗಿರಲಿಲ್ಲ.

ತಾತನವರದು ಶಾನುಭೋಗಿಕೆ. 1961ರ ಕಾಯಿದೆಯಂತೆ 1963ರಲ್ಲಿ ಗ್ರಾಮಾಧಿಕಾರಗಳು ರದ್ದಾದವು. ಪಡಸಾಲೆಯ ಲೆಕ್ಕದ ಪುಸ್ತಕಗಳು ಅಟ್ಟ ಸೇರಿದವು. 1974ರಲ್ಲಿ ಉಳುವವನಿಗೇ ಭೂಮಿ ಎಂಬ ಸುಧಾರಣೆ ಜಾರಿಗೆ ಬಂತು. ಅದನ್ನು ತಂದ ಮುಖ್ಯಮಂತ್ರಿ ದೇವರಾಜ ಅರಸರು ನಮ್ಮದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ನಮ್ಮ ಮನೆಯಲ್ಲಿ ಬಹಳ ದಿನ ಅವರ ಹೆಸರೆತ್ತಿದರೆ ದೊಡ್ಡವರ ಮುಖ ಗಂಟಿಕ್ಕುತ್ತಿತ್ತು. ಗೇಣಿಯ ರಾಗಿ ಬರುವುದು ನಿಂತಿತು. ಹಗೇವು ಬರಿದಾಯಿತು. ಆಗ ಬಾಲಕಿಯಾಗಿದ್ದ ನಾನೂ ಹಿರಿಯರ ಜೊತೆ ಸೇರಿ ಮರುಗಿದೆ. ಮುಂದೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಅದೇ ಸುಧಾರಣೆಯನ್ನು ಮಕ್ಕಳಿಗೆ ಪಾಠ ಮಾಡುವಾಗ, ಮುಂದಿನ ಬೆಂಚಿನಲ್ಲಿ ಕುಳಿತ ಹುಡುಗಿಯ ತಂದೆ ಆ ಕಾಯಿದೆಯಿಂದಲೇ ಎರಡೆಕರೆಯ ಒಡೆಯನಾದದ್ದು ತಿಳಿಯಿತು. ಆಕೆ ಶಾಲೆಗೆ ಬಂದದ್ದು ಆ ಎರಡೆಕರೆಯ ಬಲದಿಂದ. ಅರಸರು ಮಾಡಿದ್ದು ನ್ಯಾಯವೇ. ನಮ್ಮ ಹಗೇವು ಬರಿದಾದದ್ದೂ ನ್ಯಾಯವೇ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ಬಂಧುಗಳು ಬೇಸರಿಸಬಾರದು.

ಇನ್ನೊಂದು ಘಟನೆಯನ್ನು ಹೇಳಲೇಬೇಕು. 1994ರಲ್ಲಿ ನಮ್ಮ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿದ್ದಾಗ ಒಂಬತ್ತನೆಯ ತರಗತಿಯ ಮಕ್ಕಳನ್ನು ಕಟ್ಟೆ ತೋರಿಸಲು ನಮ್ಮೂರಿಗೆ ಕರೆದುಕೊಂಡು ಹೋದೆ. ಹಿಂದಿರುಗುವಾಗ ಬಾಯಾರಿಕೆ. ಮನೆಗೆ ಕರೆತಂದೆ, ತೊಟ್ಟಿಮನೆಯನ್ನೂ ನೋಡಲಿ ಎಂಬ ಹೆಮ್ಮೆ ಬೇರೆ. ಆಗ ಮನೆಯಲ್ಲಿದ್ದ ನಮ್ಮ ಸೋದರತ್ತೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ‘ಯಾರ ಮಗ’ ಎಂದು ಕೇಳಿದರು. ಮೂವರನ್ನು ಜಗಲಿಯಲ್ಲೇ ಕೂರಿಸಿದರು. ಅವರಿಗೆ ಚೊಂಬಿನಿಂದ ಕೈಗೆ ನೀರು ಎತ್ತಿ ಹೊಯ್ದರು. ಉಳಿದವರು ತೊಟ್ಟಿಯ ಸುತ್ತ ಲೋಟ ಹಿಡಿದು ಕುಳಿತಿದ್ದರು. ಅಸ್ಪೃಶ್ಯತೆಯ ನಿಷೇಧವನ್ನು, ಸಂವಿಧಾನದ 17ನೆಯ ವಿಧಿಯನ್ನು ಆ ವಾರವಷ್ಟೇ ಪಾಠ ಮಾಡಿದ್ದೆ. ಹಿರಿಯರ ಎದುರು ಮಾತಾಡಲಿಲ್ಲ. ಸುಮ್ಮನಿದ್ದೆ. ಆ ಮೂವರೂ ಸುಮ್ಮನೆ ನೀರು ಕುಡಿದರು, ಬಾಯಿ ಒರೆಸಿಕೊಂಡರು. ನನ್ನ ವೃತ್ತಿಜೀವನದಲ್ಲಿ ನಾನು ಕಲಿಸಿದ ಅತ್ಯಂತ ಕೆಟ್ಟ ಪಾಠ ಅದು.

ಆ ಮೂವರಲ್ಲಿ ಒಬ್ಬ ಈಗ ಎಂಜಿನಿಯರ್. ಎರಡು ವರ್ಷದ ಹಿಂದೆ ಹುಣಸೂರಿನಲ್ಲಿ ಸಿಕ್ಕಾಗ ಕಾಲಿಗೆ ನಮಸ್ಕರಿಸಿ ಮಾತಾಡಿಸಿದ. ಮಾತಿನ ಮಧ್ಯೆ ಮನೆಗೆ ಬೀಗ ಬಿದ್ದಿರುವ ಸಂಗತಿ ಬಂತು. ಮನಸ್ಸು ತಡೆಯದೆ ಆ ದಿನದ ಬಗ್ಗೆ ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

“ಮೇಡಂ, ಬೇಜಾರು ಮಾಡ್ಕೋಬೇಡಿ. ಆ ಮನೆ ಬಿದ್ದೋದ್ರೆ ನಮ್ಮ ಕೇರಿಯೋರು ಯಾರೂ ಅಳಲ್ಲ. ಆದ್ರೆ ಹಿಂದ್ಗಡೆ ಹಗೇವು ಇದೆಯಲ್ಲ, ಅದನ್ನ ಮುಚ್ಚಿಸಬೇಡಿ. ಅದರೊಳಕ್ಕೆ ಇಳೀತಿದ್ದೋನು ನಮ್ಮ ತಾತ.”

ದೀಪ ಉರಿದರೆ ಇಳಿಯಬೇಕು ಎಂದು ಮೇಲೆ ಬರೆದೆನಲ್ಲ. ಇಳಿಯುತ್ತಿದ್ದವರ ಹೆಸರು ನಮ್ಮ ಶಾನುಭೋಗರ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಆ ಗುಂಡಿಯನ್ನು ತೋಡಿದವರು, ಗೋಡೆಯ ಮಣ್ಣು ತುಳಿದವರು, ಕಂಬಗಳನ್ನು ಹೊತ್ತು ತಂದವರು ಯಾರೂ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಒಳಗಿದ್ದ ನಮ್ಮ ಹೆಣ್ಣುಮಕ್ಕಳ ಪಾಡೂ ಅಷ್ಟರಲ್ಲೇ ಇತ್ತು. ತಿಂಗಳಿಗೆ ಮೂರು ದಿನ ಕೂರುತ್ತಿದ್ದ ಕೊಟ್ಟಿಗೆಯ ಪಕ್ಕದ ಕತ್ತಲೆ ಕೋಣೆ, ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಅದೇ ಸೋದರತ್ತೆ ಆಯುಷ್ಯ ಸವೆಸಿದ ಅಡಿಗೆಮನೆಯ ಮೂಲೆ, ಇವೂ ಆ ಮನೆಯ ಭಾಗಗಳೇ. ಇತರರನ್ನು ಜಗಲಿಯಲ್ಲಿ ಕೂರಿಸಿದ ಆಕೆಯನ್ನು ಆ ಮನೆ ಮೂಲೆಯಲ್ಲಿ ಕೂರಿಸಿತ್ತು.

ಹಾಗಾದರೆ ಅಂಥ ಮನೆ ಏಕೆ ಉಳಿಯಬೇಕು, ಬೀಳಲಿ ಬಿಡಿ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ಮನೆ ಕೆಡವಿದರೆ ಅನ್ಯಾಯ ಅಳಿಯುವುದಿಲ್ಲ, ಅದರ ಸಾಕ್ಷಿ ಮಾತ್ರ ಅಳಿಯುತ್ತದೆ. ಆಮೇಲೆ ಉಳಿಯುವುದು ಯಾವುದೋ ವಿಹಾರಧಾಮದ ಊಟದ ಕೋಣೆಯಲ್ಲಿ ನಿಂತ ಚೆಂದದ ಕಂಬ. ಅದನ್ನು ನೋಡಿದವರು ‘ಆಹಾ, ಎಂಥ ಭವ್ಯ ಕಾಲ’ ಎನ್ನುತ್ತಾರೆ. ಹಗೇವಿನ ಮುಂದೆ ನಿಂತು, ದೀಪ ಇಳಿಬಿಟ್ಟು, ಇಲ್ಲಿ ಇಳಿಯುತ್ತಿದ್ದವರು ಇಂಥವರು ಎಂದು ಹೇಳಿದರೆ ಯಾವ ಪಠ್ಯಪುಸ್ತಕವೂ ಕಲಿಸದ ಪಾಠ ಮಕ್ಕಳಿಗೆ ಐದು ನಿಮಿಷದಲ್ಲಿ ಆಗುತ್ತದೆ. ಇಂಗ್ಲೆಂಡಿನ ಅದೇ ನ್ಯಾಷನಲ್ ಟ್ರಸ್ಟ್ 2020ರಲ್ಲಿ ವರದಿಯೊಂದನ್ನು ಪ್ರಕಟಿಸಿ, ತನ್ನ ವಶದಲ್ಲಿರುವ 93 ಸ್ಥಳಗಳಿಗೆ ವಸಾಹತುಶಾಹಿಯ ಅಥವಾ ಗುಲಾಮಗಿರಿಯ ನಂಟಿತ್ತು ಎಂದು ತಾನೇ ಹೇಳಿಕೊಂಡಿತು. ಹಲವರು ಸಿಟ್ಟಾದರು. ಚೆಂದದ ಮನೆ ನೋಡಲು ಬಂದವರಿಗೆ ಇದೆಲ್ಲ ಏಕೆ ಎಂದರು. ಆದರೆ ಮನೆಯನ್ನು ಉಳಿಸಿಕೊಂಡಿದ್ದರಿಂದಲೇ ಅಲ್ಲವೇ ಆ ಮಾತನ್ನು ಆಡಲು ಒಂದು ಜಾಗ ಉಳಿದದ್ದು? ಜಗಲಿಯನ್ನು ಮಾತ್ರ ತೋರಿಸುವುದು ಪ್ರವಾಸೋದ್ಯಮ. ಜಗಲಿಯಿಂದ ಹಗೇವಿನವರೆಗೆ ತೋರಿಸುವುದು ಶಿಕ್ಷಣ.

ಈಗ ನನ್ನ ಪಾಲಿನ ಕಥೆ. ತಾತನ ಕಾಲವಾದ ಮೇಲೆ ಮನೆ ಎರಡು ಭಾಗವಾಯಿತು. ತೊಟ್ಟಿಯ ನಟ್ಟನಡುವೆ ಇಟ್ಟಿಗೆಯ ಗೋಡೆ ಎದ್ದಿತು. ಆಕಾಶವನ್ನೂ ಪಾಲು ಮಾಡಿಕೊಂಡೆವು ಎಂದು ಅಮ್ಮ ಹೇಳುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ, 1998ರಲ್ಲಿ, ನಮ್ಮ ಭಾಗವನ್ನು ಮಾರುವ ಮಾತು ಬಂತು. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನು ಬಂದಿತ್ತು. ನನ್ನ ಮದುವೆ ಅದಕ್ಕೂ ಮೊದಲೇ ಆಗಿದ್ದರಿಂದ ಆ ಕಾನೂನು ನನಗೆ ಅನ್ವಯಿಸುತ್ತಿರಲಿಲ್ಲ. ಆದರೂ ಅಪ್ಪನ ಪಾಲಿನಲ್ಲಿ ಮಗಳಿಗೊಂದು ಹಕ್ಕಿರುತ್ತದೆ, ಮುಂದೆ ತಕರಾರು ಬರಬಾರದೆಂದು ಹಕ್ಕುಬಿಡುಗಡೆ ಪತ್ರ ತಂದರು. ಎರಡು ನಿಮಿಷದಲ್ಲಿ ಸಹಿ ಹಾಕಿದೆ. ಯಾರೂ ಬಲವಂತ ಮಾಡಲಿಲ್ಲ. ಒಂದು ಮಾತು, ‘ಒಮ್ಮೆ ಹೋಗಿ ನೋಡಿ ಬರುತ್ತೇನೆ, ಆಮೇಲೆ ಹಾಕುತ್ತೇನೆ’ ಎನ್ನಬಹುದಿತ್ತು. ಅನ್ನಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ಮುಂದಿತ್ತು.

ಎರಡು ವಾರದಲ್ಲಿ ಮನೆ ಬಯಲಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಳ್ಳೆಯ ಕಂಬಗಳು ಒಂದು ವಿಹಾರಧಾಮ ಸೇರಿದವೆಂದು ಆಮೇಲೆ ತಿಳಿಯಿತು. ಜಂತೆ, ರೀಪುಗಳನ್ನು ಯಾರು ಕೊಂಡರು ಗೊತ್ತೆ? ನಮ್ಮ ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ಸೌದೆ ಎಷ್ಟಿದ್ದರೂ ಸಾಲದು. ಅಜ್ಜಿ ತೊಟ್ಟಿಲು ಕಟ್ಟಿದ್ದ ಜಂತೆ ಹೊಗೆಸೊಪ್ಪನ್ನು ಒಣಗಿಸಿ ಬೂದಿಯಾಯಿತು. ನಾನು ಊರಿಗೆ ಹೋದಾಗ ತೊಟ್ಟಿಯ ನಡುವಿನ ಇಟ್ಟಿಗೆ ಗೋಡೆ ಮಾತ್ರ ಒಂಟಿಯಾಗಿ ಮಳೆಗೆ ನೆನೆಯುತ್ತಾ ನಿಂತಿತ್ತು. ಈಗ ಸೀಮೆಸುಣ್ಣದ ಅಂಕಿ ಬಿದ್ದಿರುವುದು ಆ ಗೋಡೆಯ ಆಚೆಯ ಅರ್ಧಕ್ಕೆ.

ಉಳಿಸುವುದು ಸುಲಭವೆಂದು ನಾನು ಹೇಳಲಾರೆ. ಜನರಿಲ್ಲದ ಮಣ್ಣಿನ ಮನೆಗೆ ಗೆದ್ದಲೂ ಕೋತಿಯೂ ದೊಡ್ಡ ಶತ್ರುಗಳು. ಒಂದು ಹೆಂಚು ಜರುಗಿದರೆ ಒಂದೇ ಮಳೆಗಾಲದಲ್ಲಿ ಗೋಡೆ ಕರಗುತ್ತದೆ. ನಾಡಹೆಂಚು ಮಾಡುವ ಕುಂಬಾರರು, ಅದನ್ನು ಹೊದಿಸಬಲ್ಲ ಕೈಗಳು ಕಡಿಮೆಯಾಗಿವೆ. ಪುರಾತತ್ವ ಇಲಾಖೆಯ ರಕ್ಷಣೆ ಹೆಚ್ಚಾಗಿ ಗುಡಿ, ಕೋಟೆ, ಶಾಸನಗಳಿಗೆ. ಸಾಮಾನ್ಯ ಮನೆಗಳು ಅದರ ಲೆಕ್ಕಕ್ಕೆ ಬರುವುದು ಅಪರೂಪ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕುಂಜೂರಿನ ಚೌಕಿಮನೆಯಂಥ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ‘ಹಸ್ತಶಿಲ್ಪ’ ಪಾರಂಪರಿಕ ಗ್ರಾಮದಲ್ಲಿ ಮರಳಿ ನಿಲ್ಲಿಸಿದರು. ಅದು ಒಬ್ಬ ಮನುಷ್ಯ ಜೀವ ತೇದು ಮಾಡಿದ ಕೆಲಸ. ಎಲ್ಲರಿಂದ ಆಗುವುದಲ್ಲ. ಬೇರೆ ದಾರಿಯೇ ಇಲ್ಲದಾಗ ಅದೂ ಒಂದು ದಾರಿ. ಆದರೆ ಕಿತ್ತು ತಂದ ಮನೆಯ ಜೊತೆ ಲಕ್ಷ್ಮಣತೀರ್ಥ ಬರುವುದಿಲ್ಲ.

ಆದ್ದರಿಂದ ದೊಡ್ಡಪ್ಪನ ಮಕ್ಕಳಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಮಾರಲೇಬೇಡಿ ಎಂದು ಹಕ್ಕಿನಿಂದ ಹೇಳುವ ಅಧಿಕಾರವನ್ನು ನಾನು 1998ರಲ್ಲೇ ಸಹಿ ಹಾಕಿ ಕೊಟ್ಟಿದ್ದೇನೆ. ನಿಮ್ಮ ಮಕ್ಕಳ ಓದು, ಸಾಲ, ನಿಮ್ಮ ಕಷ್ಟಗಳು ನನಗೆ ತಿಳಿದಿವೆ. ಬೆಂಗಳೂರಿನಲ್ಲಿ ಕುಳಿತು ಊರಿನ ಹೆಂಚು ಕಾಯುವುದು ಆಗದ ಮಾತು ಎಂಬುದೂ ಗೊತ್ತು. ಎರಡು ಮಳೆಗಾಲದ ಗಡುವು ಕೊಡಿ. ಈ ಎರಡು ವರ್ಷ ಹೆಂಚು ಕೈಯಾಡಿಸುವ ಖರ್ಚು ನನ್ನ ಪಿಂಚಣಿಯಿಂದ. ಇದು ದಾನವಲ್ಲ, ಹಳೆಯ ಸಾಲದ ಕಂತು ಎಂದು ತಿಳಿಯಿರಿ. ಅಷ್ಟರಲ್ಲಿ ತಿಂಗಳಿಗೊಂದು ಭಾನುವಾರ ಬೀಗ ತೆಗೆಯೋಣ. ಸುತ್ತಲಿನ ಶಾಲೆಗಳ ಮಕ್ಕಳು ಬರಲಿ. ಬೆಳಿಗ್ಗೆ ಕಟ್ಟೆ, ನಾಲೆ. ಮಧ್ಯಾಹ್ನ ತೊಟ್ಟಿಯ ಸುತ್ತ ಮುದ್ದೆ, ಬಸ್ಸಾರಿನ ಊಟ, ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ. ಆಮೇಲೆ ಹಿತ್ತಿಲು, ಹಗೇವು. ಊಟ ಬಡಿಸುವ ಕೆಲಸಕ್ಕೂ ಕಥೆ ಹೇಳುವ ಕೆಲಸಕ್ಕೂ ಊರಿನವರೇ ಇರಲಿ, ಎಲ್ಲ ಕೇರಿಯವರೂ ಇರಲಿ. ಬಂದ ಹಣ ಅವರ ಕೂಲಿಗೂ ಮಾಡಿನ ರಿಪೇರಿಗೂ ಹೋಗಲಿ. ಎರಡು ವರ್ಷದ ನಂತರವೂ ಮನೆ ತನ್ನ ಕಾಲ ಮೇಲೆ ನಿಲ್ಲದಿದ್ದರೆ ನಿಮ್ಮ ಇಷ್ಟದಂತೆ ಮಾಡಿ. ನಾನು ಎದುರಾಡುವುದಿಲ್ಲ.

ಒಂದು ವೇಳೆ ಅದೂ ಸಾಧ್ಯವಿಲ್ಲವೆಂದರೆ, ಕೆಡವುವುದಕ್ಕೆ ಮೊದಲು ಅಳತೆಯಾದರೂ ಆಗಲಿ. ಪ್ರತಿ ಕಂಬ, ಪ್ರತಿ ಬಾಗಿಲು, ಹಗೇವಿನ ಆಳ, ಚರಂಡಿಯ ಇಳುಕಲು, ಎಲ್ಲದರ ನಕ್ಷೆ, ಎಲ್ಲದರ ಹೆಸರು. ಬೋದಿಗೆ, ತೊಲೆ, ಜಂತೆ, ಕಣಜ, ವಾಡೆ ಎಂಬ ಪದಗಳು ಮನೆಯೊಂದಿಗೇ ನಿಘಂಟಿಗೆ ಹೋಗಿ ಮಲಗುತ್ತಿವೆ. ಈ ಅಳತೆಯ ಕೆಲಸಕ್ಕಾಗಿ ಆ ನನ್ನ ವಿದ್ಯಾರ್ಥಿಗೆ ಕಳೆದ ವಾರ ಫೋನು ಮಾಡಿದೆ. ಒಪ್ಪಿದ. “ಒಂದು ಪೈಸೆ ಬೇಡ ಮೇಡಂ. ಆದ್ರೆ ಅಳತೆ ಮುಂಬಾಗಿಲಿಂದ ಶುರು ಮಾಡ್ತೀನಿ” ಎಂದ. ನಾನು, “ನಾನೇ ಬಾಗಿಲು ತೆಗೀತೀನಪ್ಪಾ” ಎಂದೆ.

ನನ್ನ ಇತರ ವಿದ್ಯಾರ್ಥಿಗಳಲ್ಲೂ ಒಂದು ಮಾತು. ನೀವು ಊರೂರುಗಳಲ್ಲಿ, ದೇಶವಿದೇಶಗಳಲ್ಲಿ ಇದ್ದೀರಿ. ರಜೆಗೆ ಬಂದಾಗ ಮಕ್ಕಳನ್ನು ಚಿನ್ನದ ದೇಗುಲಕ್ಕೂ ಕಬಿನಿಗೂ ಕರೆದೊಯ್ಯಿರಿ. ಜೊತೆಗೆ ನಿಮ್ಮ ನಿಮ್ಮ ಊರಿನ ಒಂದು ಹಳೆಯ ಮನೆಗೆ, ಒಂದು ಗುಂಡುತೋಪಿಗೆ, ಒಂದು ಕಟ್ಟೆಗೆ ಅರ್ಧ ದಿನ ಕೊಡಿ. ನಿಮ್ಮವರು ಆ ಮನೆಯ ಒಳಗಿದ್ದವರಾದರೆ ಜಗಲಿಯಲ್ಲಿ ನಿಂತವರ ಬಗ್ಗೆ ಕೇಳಿ. ಜಗಲಿಯಲ್ಲಿ ನಿಂತವರಾದರೆ ಧೈರ್ಯವಾಗಿ ಒಳಗೆ ಹೋಗಿ ನೋಡಿ. ಅದನ್ನು ಕಟ್ಟಿದವರು ನಿಮ್ಮವರೇ.

ಆ ಇಂಗ್ಲೆಂಡಿನ ಮನೆಗೆ ನೂರು ವರ್ಷಗಳಿಗೂ ಹಿಂದೆ 10 ಪೌಂಡು ಹೆಚ್ಚೆನಿಸಲಿಲ್ಲ. ನಮ್ಮ ಕಂಬಗಳ ಮೇಲಿನ ಸೀಮೆಸುಣ್ಣ ಇನ್ನೂ ಹಸಿಯಾಗಿದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಮೂವತ್ತು ವರ್ಷ ಕರಿಹಲಗೆ ಒರೆಸಿದವಳು ಹೇಳುತ್ತಿದ್ದೇನೆ, ನಂಬಿ.

ಬಂಧುಗಳು ಉತ್ತರ ಬರೆಯಿರಿ. ಒಪ್ಪದವರು ಮೊದಲು ಬರೆಯಿರಿ. ಎಲ್ಲರಿಗೂ ಶುಭವಾಗಲಿ.